ಸವೆದ ಸ್ಟೀರಿಂಗ್ ವೀಲ್ ನೀವೇ ಬದಲಿಸಿ: ನಟ್ಟು ಬಿಚ್ಚುವ ಮೊದಲು ಗುರುತು

ಮೀಟರಿನಲ್ಲಿ 40 ಸಾವಿರ ಕಿಲೋಮೀಟರ್, ಸ್ಟೀರಿಂಗ್ ವೀಲಿನಲ್ಲಿ ಎರಡು ಲಕ್ಷ. ಇಂಥ ಹಳೆಯ ಕಾರುಗಳನ್ನು ನೀವೂ ನೋಡಿರುತ್ತೀರಿ. ಮೀಟರ್ ಏನು ಬೇಕಾದರೂ ತೋರಿಸಲಿ, ಕೈ ಉಜ್ಜಿ ಉಜ್ಜಿ ನುಣುಪಾದ ರಿಮ್ ನಿಜ ಹೇಳಿಬಿಡುತ್ತದೆ. ಎರಡು ಕೈ ಕೂರುವ ಜಾಗದಲ್ಲಿ ಮೇಲಿನ ಪದರ ಹೋಗಿ ಹೊಳಪು ಬಂದಿರುತ್ತದೆ. ಬಿಸಿಲಿನಲ್ಲೇ ನಿಂತ ಕಾರಾದರೆ ರಿಮ್ಮಿನ ಮೇಲ್ಭಾಗದಲ್ಲಿ ಸಣ್ಣ ಬಿರುಕುಗಳು. ಫೋಮ್ ರಿಮ್ ಆಗಿದ್ದರೆ ಇನ್ನೊಂದು ಕಾಟ: ಅಂಟಂಟಾಗಿ, ಕೈಗೆ ಕಪ್ಪು ಹತ್ತುತ್ತದೆ. ಅದನ್ನು ಕೊಳೆ ಅಂದುಕೊಂಡು ತಿಕ್ಕುವವರೇ ಜಾಸ್ತಿ. ಬೆವರು, ಬಿಸಿಲು, ತೇವ ಸೇರಿಕೊಂಡು ಆ ಫೋಮ್ ಮಾಡಿದ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕೇ ಕೊಳೆಯುತ್ತಿರುತ್ತದೆ, ತೊಳೆದಷ್ಟೂ ಮತ್ತೆ ಬರುತ್ತದೆ. ಸ್ಯಾನಿಟೈಸರ್ ಹಾಕಿಕೊಂಡ ಕೈಯಲ್ಲಿ ಹಿಡಿದರಂತೂ ಇನ್ನೂ ಬೇಗ ಹಾಳು.

ನನ್ನದು ಏರ್‌ಬ್ಯಾಗ್ ಇಲ್ಲದ ಕಾಲದ ಸಣ್ಣ ಕಾರು. ನನ್ನ ಭಾವನದು ಅದಕ್ಕಿಂತ ಸ್ವಲ್ಪ ಈಚಿನದು, ಏರ್‌ಬ್ಯಾಗ್ ಇದೆ. ಎರಡರ ವೀಲನ್ನೂ ನಾನೇ ಬದಲಿಸಿದ್ದೇನೆ. ಇಡೀ ವೀಲನ್ನು ಹಿಡಿದಿರುವುದು ಒಂದೇ ಒಂದು ನಟ್ಟು. ಅದನ್ನು ಬಿಚ್ಚುವುದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಬಿಚ್ಚುವ ಮೊದಲು ಏನೇನು ಮಾಡಿಟ್ಟುಕೊಂಡಿದ್ದೀರಿ ಅನ್ನುವುದರ ಮೇಲೆ ಕೆಲಸ ನಿಂತಿದೆ.

ಮೊದಲು ಅಲ್ಲಾಡಿಸಿ ನೋಡಿ

ಕಾರಿನಲ್ಲಿ ಕೂತು ವೀಲನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಆ ಕಡೆ ಈ ಕಡೆ ಒತ್ತಿ ನೋಡಿ. ತಿರುಗಿಸಬೇಡಿ, ಬರೀ ಅಲ್ಲಾಡಿಸಿ. ವೀಲಿನ ಜೊತೆ ಕೆಳಗಿನ ಪ್ಲಾಸ್ಟಿಕ್ ಕವರಿನೊಳಗಿಂದಲೂ ಟಕ್ ಟಕ್ ಅಂದರೆ ಸವೆದಿರುವುದು ಸ್ಟೀರಿಂಗ್ ಕಾಲಮ್ಮಿನ (ವೀಲಿನ ಶಾಫ್ಟನ್ನು ಹಿಡಿದಿರುವ ಕೊಳವೆಯ) ಬೇರಿಂಗೋ, ಎತ್ತರ ಹೊಂದಿಸುವ ಜಾಗದ ಬೋಲ್ಟೋ ಇರಬೇಕು. ಹೊಸ ವೀಲ್ ಹಾಕಿದರೆ ಆ ಸದ್ದು ಹೋಗುವುದಿಲ್ಲ. ಮೊದಲು ಅದನ್ನು ಸರಿ ಮಾಡಿಸಿ.

ರಿಮ್ಮಿನ ಒಳಗಿನ ಲೋಹ ಗಟ್ಟಿಯಾಗಿದ್ದು ಮೇಲಿನ ಹೊದಿಕೆ ಮಾತ್ರ ಹೋಗಿದ್ದರೆ ಬದಲಿಸಲೇಬೇಕು ಅಂತೇನಿಲ್ಲ. ಸೂಜಿ ದಾರದಲ್ಲಿ ಹೊಲಿದು ಹಾಕುವ ಚರ್ಮದ ಹೊದಿಕೆ ಸಿಗುತ್ತದೆ. ಕೂತು ಹೊಲಿಯುವ ತಾಳ್ಮೆ ಇದ್ದರೆ ಚೆನ್ನಾಗಿ ಬರುತ್ತದೆ. ಎಳೆದು ಸಿಕ್ಕಿಸುವ ಕವರ್ ಮಾತ್ರ ನನಗೆ ಆಗುವುದಿಲ್ಲ. ಸ್ವಲ್ಪ ದಿನಕ್ಕೆ ಸಡಿಲವಾಗಿ, ಜೋರಾಗಿ ತಿರುಗಿಸುವ ಹೊತ್ತಿಗೆ ಕವರ್ ತಿರುಗುತ್ತದೆ, ವೀಲ್ ತಿರುಗುವುದಿಲ್ಲ. ಅಂಥದ್ದು ಬೇಡವೇ ಬೇಡ.

ರಿಮ್ ಬಿರುಕು ಬಿಟ್ಟು ಲೋಹ ಕಾಣುತ್ತಿದ್ದರೆ, ರಿಮ್ಮನ್ನು ಮಧ್ಯಕ್ಕೆ ಸೇರಿಸುವ ಕಡ್ಡಿಯ ಬುಡದಲ್ಲಿ ಅಲ್ಲಾಡುತ್ತಿದ್ದರೆ, ಅಪಘಾತವಾಗಿ ರಿಮ್ ಸೊಟ್ಟಗಾಗಿದ್ದರೆ ಯೋಚನೆ ಬೇಡ. ಬದಲಿಸಿ.

ಯಾವ ವೀಲ್ ತರಬೇಕು

ಅದೇ ಕಂಪನಿ, ಅದೇ ಮಾಡೆಲ್, ಆದಷ್ಟು ಅದೇ ವರ್ಷ. ಗುಜರಿಯಿಂದ ತಂದರೂ ಈ ನಿಯಮ ಬಿಡಬೇಡಿ. ವೀಲ್ ಕೂರುವ ಶಾಫ್ಟಿನ ತುದಿಯಲ್ಲಿ ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಸ್ಪ್ಲೈನ್ ಅನ್ನುವುದು ಅದನ್ನೇ. ಹಲ್ಲಿನ ಎಣಿಕೆ, ಶಾಫ್ಟಿನ ದಪ್ಪ, ತುದಿಗೆ ಹೋದಂತೆ ಎಷ್ಟು ಸಪೂರವಾಗುತ್ತದೆ ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಹತ್ತಿರ ಹತ್ತಿರ ಕೂರುವ ವೀಲ್ ಇದೆಯಲ್ಲ, ಅದು ಕೂರದೇ ಇರುವುದಕ್ಕಿಂತ ಅಪಾಯ. ನಟ್ಟು ಬಿಗಿದಾಗ ಗಟ್ಟಿ ಅನಿಸುತ್ತದೆ, ಒಳಗೆ ಹಲ್ಲು ಅರ್ಧ ಮಾತ್ರ ಕಚ್ಚಿರುತ್ತದೆ.

ವೀಲಿನ ಬೆನ್ನನ್ನೂ ನೋಡಿ. ಇಂಡಿಕೇಟರ್ ತಾನಾಗಿಯೇ ಆಫ್ ಆಗುವುದು ಅಲ್ಲಿರುವ ಸಣ್ಣ ಗೂಟ ಅಥವಾ ತೋಡಿನಿಂದ. ಹಳೆಯದರಲ್ಲಿ ಎರಡು ಗೂಟ ಇದ್ದು, ತಂದದ್ದರಲ್ಲಿ ಆ ಜಾಗ ಬೋಳಾಗಿದ್ದರೆ ಆ ವೀಲ್ ನಿಮ್ಮ ಕಾರಿನದಲ್ಲ. ಹಾರ್ನ್ ವೈರಿನ ಜಾಗ, ಆಡಿಯೋ ಬಟನ್ ಇದ್ದರೆ ಅದರ ಪ್ಲಗ್, ಏರ್‌ಬ್ಯಾಗ್ ಕೂರುವ ತೂತುಗಳು, ಎಲ್ಲ ಹಳೆಯದರ ಪಕ್ಕ ಇಟ್ಟು ಹೊಂದಿಸಿ ನೋಡಿ. ಹಳೆಯದನ್ನು ಬಿಚ್ಚುವ ಮೊದಲು ಪಕ್ಕಕ್ಕಿಡುವುದು ಹೇಗೆ? ಫೋಟೋ ಸಾಕು. ನಿಮ್ಮ ಮಾಡೆಲ್‌ನ ವೀಲಿನ ಬೆನ್ನಿನ ಫೋಟೋ ಹುಡುಕಿಟ್ಟುಕೊಂಡು ಹೋಗಿ.

ರೇಸಿಂಗ್ ತರಹದ ವೀಲ್ ಹಾಕುವ ಆಸೆ ಇದ್ದವರಿಗೆ ಎರಡು ಮಾತು. ಅಂಥ ವೀಲ್ ನೇರವಾಗಿ ಶಾಫ್ಟಿಗೆ ಕೂರುವುದಿಲ್ಲ. ಮಧ್ಯದಲ್ಲಿ ನಿಮ್ಮ ಕಾರಿಗೆಂದೇ ಮಾಡಿದ ಹಬ್, ಅಂದರೆ ವೀಲನ್ನು ಶಾಫ್ಟಿಗೆ ಜೋಡಿಸುವ ತುಂಡು ಬೇಕು. ಆರು ಬೋಲ್ಟಿನ ವೀಲ್‌ಗಳಲ್ಲಿ ಮೋಮೋ, ಸ್ಪಾರ್ಕೋ, ಓಎಂಪಿ ಕಂಪನಿಗಳದ್ದು ಸಾಮಾನ್ಯವಾಗಿ 70 ಎಂಎಂ ವೃತ್ತದ ಮೇಲೆ ತೂತು, ನಾರ್ಡಿಯದು 74 ಎಂಎಂ. ಹಬ್ ಒಂದು, ವೀಲ್ ಇನ್ನೊಂದು ತಂದರೆ ಬೋಲ್ಟ್ ಕೂರುವುದಿಲ್ಲ. ಈ ವೀಲ್‌ಗಳು ಚಿಕ್ಕವು, 350 ಎಂಎಂ ಆಸುಪಾಸು. ಪವರ್ ಸ್ಟೀರಿಂಗ್ ಇಲ್ಲದ ಕಾರಿನಲ್ಲಿ ಪಾರ್ಕ್ ಮಾಡುವಾಗ ತೋಳು ನೋಯುತ್ತದೆ. ಏರ್‌ಬ್ಯಾಗ್ ಇರುವ ಕಾರಿನಿಂದ ಅದನ್ನು ಕಿತ್ತು ಇಂಥದ್ದನ್ನು ಹಾಕುವುದಂತೂ ನಾನು ಒಪ್ಪುವುದಿಲ್ಲ. ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ಒಟ್ಟಿಗೆ ಕೆಲಸ ಮಾಡುವ ಹಾಗೆ ಆ ಕಾರನ್ನು ಮಾಡಿರುತ್ತಾರೆ. ಒಂದನ್ನು ತೆಗೆದರೆ ಇನ್ನೊಂದರ ಲೆಕ್ಕವೂ ತಪ್ಪುತ್ತದೆ.

ಸಾಮಾನು

ಉದ್ದ ಹಿಡಿಯ ರಾಟ್ಚೆಟ್, ನಟ್ಟಿಗೆ ಸರಿಯಾದ ಸಾಕೆಟ್, ಟಾರ್ಕ್ ರೆಂಚ್ (ಎಷ್ಟು ಬಿಗಿದಿದ್ದೇವೆ ಅಂತ ಅಳೆಯುವ ಪಾನಾ), ಸ್ಟೀರಿಂಗ್ ಪುಲ್ಲರ್ (ಕಚ್ಚಿಕೊಂಡ ವೀಲನ್ನು ಎಳೆದು ತೆಗೆಯುವ ಸಾಧನ), ಬಿಳಿ ಪೇಂಟ್ ಪೆನ್, ಟೇಪು, ಬ್ಯಾಟರಿಗೆ 10ರ ಪಾನಾ. ನಟ್ಟು ಹಲವು ಕಾರುಗಳಲ್ಲಿ 17, 19 ಅಥವಾ 22 ಎಂಎಂ. ಕೆಲವು ಯುರೋಪಿನ ಕಾರುಗಳಲ್ಲಿ ನಟ್ಟಿನ ಬದಲು ಬೋಲ್ಟ್ ಇರುತ್ತದೆ, ಅದಕ್ಕೆ ಅಲೆನ್ ಅಥವಾ ನಕ್ಷತ್ರದ ಹಲ್ಲಿನ ಸಾಕೆಟ್ ಬೇಕು. ಪುಲ್ಲರ್ ಬಾಡಿಗೆಗೋ, ಗೊತ್ತಿರುವ ಮೆಕ್ಯಾನಿಕ್ ಹತ್ತಿರವೋ ಸಿಕ್ಕರೆ ಕೊಳ್ಳಬೇಡಿ. ಟಾರ್ಕ್ ರೆಂಚ್ ಮಾತ್ರ ಬೇಕೇ ಬೇಕು.

ಏರ್‌ಬ್ಯಾಗ್ ಇಲ್ಲದ ಕಾರು

ಮೊದಲು ಕಾರನ್ನು ಸಮತಟ್ಟಾದ ಜಾಗದಲ್ಲಿ ಹತ್ತಿಪ್ಪತ್ತು ಅಡಿ ನೇರವಾಗಿ ಓಡಿಸಿ, ಹಾಗೇ ನಿಲ್ಲಿಸಿ. ನಿಂತ ಮೇಲೆ ವೀಲ್ ಮುಟ್ಟಬೇಡಿ. ಮುಂದಿನ ಚಕ್ರಗಳು ನೇರವಾಗಿರುವುದು ಹೀಗೇ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಏರ್‌ಬ್ಯಾಗ್ ಇಲ್ಲದಿದ್ದರೂ ಬಿಚ್ಚಿ. ಇಲ್ಲದಿದ್ದರೆ ಪಾನಾ ತಗುಲಿದಾಗಲೆಲ್ಲ ಹಾರ್ನ್ ಕೂಗುತ್ತದೆ.

ಮಧ್ಯದ ಹಾರ್ನ್ ಪ್ಯಾಡ್ ಕೆಲವದರಲ್ಲಿ ಬರೀ ಒತ್ತಿ ಕೂರಿಸಿದ್ದು. ಕೆಳಗಿನ ಅಂಚಿಗೆ ಬೆರಳು ಹಾಕಿ ಎಳೆದರೆ ಬರುತ್ತದೆ. ಬರದಿದ್ದರೆ ಜೋರು ಮಾಡಬೇಡಿ. ವೀಲಿನ ಹಿಂದೆ, ಕಡ್ಡಿಗಳ ಬೆನ್ನಿನಲ್ಲಿ ಸ್ಕ್ರೂ ಇರುತ್ತದೆ. ನನ್ನ ಕಾರಿನದು ಹಾಗೇ, ಹಿಂದಿನಿಂದ ಸ್ಕ್ರೂ. ಪ್ಯಾಡಿನ ಹಿಂದೆ ಹಾರ್ನ್ ವೈರ್ ಇರುತ್ತದೆ, ಪ್ಯಾಡನ್ನು ಸರಕ್ಕನೆ ಎಳೆದರೆ ಅದು ಕಿತ್ತು ಬರುತ್ತದೆ.

ಪ್ಯಾಡ್ ಹೋದರೆ ನಟ್ಟು ಕಾಣುತ್ತದೆ. ಅದರ ಮಧ್ಯದಲ್ಲಿ ಶಾಫ್ಟಿನ ತುದಿ. ಈಗ ಗುರುತು. ಶಾಫ್ಟಿನ ತುದಿಯಿಂದ ಶುರು ಮಾಡಿ, ವೀಲಿನ ಹಬ್ (ಶಾಫ್ಟಿಗೆ ಕೂತ ಮಧ್ಯದ ಭಾಗ) ಮೇಲೆ ಬರುವ ಹಾಗೆ ಬಿಳಿ ಪೇಂಟಿನಲ್ಲಿ ಒಂದೇ ಗೆರೆ ಎಳೆಯಿರಿ. ನಟ್ಟು ಅಡ್ಡ ಬರುತ್ತದೆ, ಪರವಾಗಿಲ್ಲ, ಅದರ ಮೇಲೂ ಹಾಯಲಿ. ಕೆಲವು ಶಾಫ್ಟುಗಳಲ್ಲಿ ಕಂಪನಿಯವರೇ ಒಂದು ಚುಕ್ಕಿ ಹೊಡೆದಿರುತ್ತಾರೆ. ಅದಿದ್ದರೂ ನಿಮ್ಮ ಗೆರೆ ಇರಲಿ. ನಾನು ಫೋನಿನಲ್ಲಿ ನೇರ ಎದುರಿಂದ ಒಂದು ಫೋಟೋ ಕೂಡ ತೆಗೆಯುತ್ತೇನೆ, ಕಡ್ಡಿಗಳೂ ಗೆರೆಯೂ ಒಟ್ಟಿಗೆ ಕಾಣುವ ಹಾಗೆ.

ಈ ಗೆರೆಯ ಬಗ್ಗೆ ಒಂದು ವಿಷಯ ಯಾರೂ ಹೇಳುವುದಿಲ್ಲ. ಗುರುತು ಇರುವುದು ಹಳೆಯ ವೀಲ್ ಮೇಲೆ. ಹೊಸದರ ಮೇಲೆ ಏನೂ ಇಲ್ಲವಲ್ಲ! ಆದ್ದರಿಂದ ಹಳೆಯದು ಹೊರಗೆ ಬಂದ ಮೇಲೆ ಎರಡೂ ವೀಲ್‌ಗಳನ್ನು ಕಡ್ಡಿಗಳು ಒಂದೇ ದಿಕ್ಕಿಗೆ ಬರುವ ಹಾಗೆ ಅಕ್ಕಪಕ್ಕ ಇಡಿ. ಹಳೆಯದರಲ್ಲಿ ಗೆರೆ ಯಾವ ಹಲ್ಲಿನ ನೇರಕ್ಕಿದೆ ನೋಡಿ, ಹೊಸದರಲ್ಲಿ ಅದೇ ಜಾಗಕ್ಕೆ ಗೆರೆ ಹಾಕಿ. ಬೆಳಕು ಚೆನ್ನಾಗಿರುವ ಕಡೆ ಮಾಡಿ. 36 ಹಲ್ಲಿನ ಶಾಫ್ಟ್ ಅಂದರೆ ಒಂದು ಹಲ್ಲು ತಪ್ಪಿದರೂ ವೀಲ್ 10 ಡಿಗ್ರಿ ಸೊಟ್ಟ. ಅಷ್ಟು ಸೊಟ್ಟಗಿದ್ದರೆ ಸೀಟಿನಲ್ಲಿ ಕೂತ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಕೆಲವು ಕಾರುಗಳಲ್ಲಿ ಒಂದು ಹಲ್ಲು ಬೇಕೆಂದೇ ಅಗಲ ಇರುತ್ತದೆ, ವೀಲ್ ಒಂದೇ ರೀತಿಯಲ್ಲಿ ಕೂರುತ್ತದೆ. ಅಂಥ ಕಾರು ನಿಮ್ಮದಾದರೆ ಅದೃಷ್ಟ.

ಇನ್ನು ನಟ್ಟು. ಇದು ಗಟ್ಟಿಯಾಗಿರುತ್ತದೆ, ಬಲ ಹಾಕಬೇಕು, ಆಗ ವೀಲ್ ತಿರುಗುತ್ತದೆ. ಕೀ ತೆಗೆದು ಸ್ಟೀರಿಂಗ್ ಲಾಕ್ ಮಾಡಿ ಅದರ ಆಸರೆಯಲ್ಲಿ ಬಿಚ್ಚುವವರಿದ್ದಾರೆ. ಮಾಡಬೇಡಿ. ಆ ಲಾಕ್ ಅಂದರೆ ಶಾಫ್ಟಿನ ಒಂದು ತೋಡಿಗೆ ಹೋಗಿ ಕೂರುವ ಸಣ್ಣ ಗೂಟ. ಉದ್ದ ಹಿಡಿಯ ಪಾನಾದ ಬಲಕ್ಕೆ ಅದು ಬಾಗಬಹುದು. ಆಮೇಲೆ ಕೀ ತಿರುಗುವುದಿಲ್ಲ. ಕೀ ಲಾಕ್ ಬಿಟ್ಟ ಸ್ಥಾನದಲ್ಲಿ ಇರಲಿ, ವೀಲ್ ಹಿಡಿಯುವುದಕ್ಕೆ ಇನ್ನೊಬ್ಬರು ಇರಲಿ. ನನಗೆ ಹಿಡಿದುಕೊಟ್ಟವನು ಅಕ್ಕನ ಮಗ.

"ಮಾಮಾ, ಲಾಕ್ ಇದೆಯಲ್ಲ, ನಾನ್ಯಾಕೆ ಹಿಡ್ಕೋಬೇಕು?"

"ಸುಮ್ನೆ ಹಿಡ್ಕೋ. ಲಾಕ್ ಇರೋದು ಕಳ್ಳನಿಗೆ, ಪಾನಾಗಲ್ಲ."

ನಟ್ಟು ಸಡಿಲವಾದ ಮೇಲೆ ಪೂರ್ತಿ ತೆಗೆಯಬೇಡಿ. ನಾಲ್ಕೈದು ಸುತ್ತು ಹಾಗೇ ಇರಲಿ. ಕಾರಣ ಇದೆ. ವೀಲ್ ಶಾಫ್ಟಿನ ಹಲ್ಲಿಗೆ ವರ್ಷಗಟ್ಟಲೆ ಕಚ್ಚಿಕೊಂಡಿರುತ್ತದೆ, ಬಿಡುವಾಗ ಸಟಕ್ಕನೆ ಬಿಡುತ್ತದೆ. ನಟ್ಟು ಇಲ್ಲದಿದ್ದರೆ ಆ ವೀಲ್ ಬಂದು ಕೂರುವುದು ನಿಮ್ಮ ಮೂಗಿನ ಮೇಲೆ.

ಮೊದಲು ಕೈಯಲ್ಲೇ ನೋಡಿ. ಸೀಟನ್ನು ಮುಂದೆ ಎಳೆದುಕೊಂಡು ಕೂತು, ಎರಡು ಮೊಣಕಾಲನ್ನು ರಿಮ್ಮಿನ ಕೆಳಗೆ ಕೊಟ್ಟು, ಎಡ ಬಲ ಸ್ವಲ್ಪ ಸ್ವಲ್ಪ ಕುಲುಕುತ್ತಾ ನಿಮ್ಮ ಕಡೆ ಎಳೆಯಿರಿ. ಬಹಳಷ್ಟು ವೀಲ್ ಇದಕ್ಕೇ ಬರುತ್ತವೆ. ಬರದಿದ್ದರೆ ಶಾಫ್ಟ್ ಸುತ್ತ ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ.

ಆಗಲೂ ಬರಲಿಲ್ಲವಾ? ಪುಲ್ಲರ್. ಹಬ್ ಮೇಲೆ ನಟ್ಟಿನ ಎರಡು ಬದಿಗೆ ಥ್ರೆಡ್ ಇರುವ ತೂತುಗಳಿರುತ್ತವೆ, ಪುಲ್ಲರಿನ ಬೋಲ್ಟ್ ಅಲ್ಲಿಗೆ. ಬೋಲ್ಟನ್ನು ನಾಲ್ಕೈದು ಸುತ್ತು ಮಾತ್ರ ಹಾಕಿ. ಜಾಸ್ತಿ ಒಳಗೆ ಹೋದರೆ ಹಿಂದಿರುವ ಇಂಡಿಕೇಟರ್ ಸ್ವಿಚ್ಚನ್ನೋ, ಏರ್‌ಬ್ಯಾಗ್ ಕಾರಾದರೆ ಕೇಬಲ್ ಸುರುಳಿಯನ್ನೋ ಚುಚ್ಚಿಬಿಡುತ್ತದೆ. ಎರಡೂ ಬೋಲ್ಟ್ ಸಮ ಆಳದಲ್ಲಿರಲಿ. ಮಧ್ಯದ ಸ್ಕ್ರೂ ಶಾಫ್ಟಿನ ತುದಿಗೆ ತಾಗಿದ ಮೇಲೆ ನಿಧಾನವಾಗಿ ಬಿಗಿಯುತ್ತಾ ಹೋಗಿ. ಟಕ್ ಅಂದರೆ ಬಿಟ್ಟಿತು ಅಂತ ಅರ್ಥ.

ಸುತ್ತಿಗೆ ಬೇಡ. ಶಾಫ್ಟಿನ ತುದಿಗೆ ಒಂದು ಏಟು, ರಿಮ್ಮಿನ ಬೆನ್ನಿಗೆ ಒಂದು ಏಟು, ಹಳೆಯ ಮೆಕ್ಯಾನಿಕ್‌ಗಳ ಅಭ್ಯಾಸ. ಸ್ಟೀರಿಂಗ್ ಶಾಫ್ಟ್ ಒಂದೇ ಉದ್ದನೆಯ ಕಬ್ಬಿಣದ ಕೋಲಾಗಿದ್ದ ಕಾಲಕ್ಕೆ ಅದು ನಡೆಯುತ್ತಿತ್ತು. ಅಂಥ ಕೋಲು ಅಪಘಾತದಲ್ಲಿ ಚಾಲಕನ ಎದೆಗೇ ನುಗ್ಗುತ್ತಿತ್ತು. ಆದ್ದರಿಂದ ಒಳಕ್ಕೆ ಕುಸಿಯುವ ಕಾಲಮ್ ಬಂತು. ಜನರಲ್ ಮೋಟರ್ಸ್ ತನ್ನ 1967ರ ಮಾಡೆಲ್‌ಗಳಲ್ಲಿ ಹಾಕಿತು, ಆಮೇಲೆ ಎಲ್ಲರೂ ಹಾಕಿದರು. ಇದರಲ್ಲಿ ಶಾಫ್ಟ್ ಎರಡು ತುಂಡು, ಒಂದರೊಳಗೆ ಒಂದು. ಹಲವು ಕಾರುಗಳಲ್ಲಿ ಅವನ್ನು ಜಾಗದಲ್ಲಿ ಹಿಡಿದಿರುವುದು ಸಣ್ಣ ಪ್ಲಾಸ್ಟಿಕ್ ಪಿನ್ನುಗಳು. ಡಿಕ್ಕಿಯ ಏಟಿಗೆ ಮುರಿಯಲಿ ಅಂತಲೇ ಮಾಡಿದ ಪಿನ್ನು, ನಿಮ್ಮ ಸುತ್ತಿಗೆಯ ಏಟಿಗೂ ಮುರಿಯುತ್ತದೆ. ಮುರಿದದ್ದು ಹೊರಗೆ ಕಾಣುವುದೂ ಇಲ್ಲ.

ವೀಲ್ ಕೈಗೆ ಬಂದ ಮೇಲೆ ಹಾರ್ನಿನ ಜಾಗ ನೋಡಿಕೊಳ್ಳಿ. ಹಳೆಯ ಕಾರಿನಲ್ಲಿ ವೀಲಿನ ಬೆನ್ನಿಗೆ ಒಂದು ಹಿತ್ತಾಳೆ ಅಥವಾ ತಾಮ್ರದ ಉಂಗುರ, ಅದಕ್ಕೆ ಉಜ್ಜುವ ಹಾಗೆ ಕಾಲಮ್ಮಿನಲ್ಲಿ ಸ್ಪ್ರಿಂಗ್ ಹಾಕಿದ ಒಂದು ಮೊಳೆ. ತಿರುಗಿಸುವಾಗ ಮಾತ್ರ ಹಾರ್ನ್ ಕೈಕೊಡುತ್ತಿದ್ದರೆ ತಪ್ಪು ಇಲ್ಲೇ ಇರುತ್ತದೆ. ಉಂಗುರವನ್ನು ನಯವಾದ ಎಮರಿ ಕಾಗದದಲ್ಲಿ ತಿಕ್ಕಿ, ಒರೆಸಿ, ಗ್ರೀಸನ್ನು ತೆಳ್ಳಗೆ ಸವರಿ. ಮೊಳೆಯನ್ನು ಬೆರಳಲ್ಲಿ ಒತ್ತಿದರೆ ಪುಟಿದು ವಾಪಸ್ ಬರಬೇಕು.

ಏರ್‌ಬ್ಯಾಗ್ ಇದ್ದರೆ

ಇಲ್ಲಿ ಅವಸರದವರು ಬೇರೆಯವರ ಕೈಗೆ ಕೆಲಸ ಕೊಡಿ. ಬೇಸರ ಮಾಡಿಕೊಳ್ಳಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಏರ್‌ಬ್ಯಾಗಿನೊಳಗೆ ಇರುವುದು ಕಿಡಿಯಿಂದ ಹೊತ್ತುವ ಮದ್ದು. ಕಣ್ಣು ರೆಪ್ಪೆ ಮಿಟುಕಿಸುವುದಕ್ಕಿಂತ ಬೇಗ ಚೀಲ ತುಂಬುತ್ತದೆ. ಬೆಲ್ಟ್ ಹಾಕಿ ಸೀಟಿನಲ್ಲಿ ಕೂತವರಿಗೆ ಅದು ರಕ್ಷಣೆ. ಮುಖ ಬಗ್ಗಿಸಿ ಸ್ಕ್ರೂ ಬಿಚ್ಚುತ್ತಿರುವವರಿಗೆ ಅಲ್ಲ.

ವೀಲ್ ನೇರ ಮಾಡಿ, ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ತಂತಿಯ ತುದಿಗೆ ಬಟ್ಟೆ ಸುತ್ತಿ ದೂರ ಇಡಿ. ಆಮೇಲೆ ಕಾಯಿರಿ. ಡಿಕ್ಕಿಯಲ್ಲಿ ಬ್ಯಾಟರಿಯೇ ಹೋದರೂ ಚೀಲ ಬಿಚ್ಚಿಕೊಳ್ಳಲಿ ಅಂತ ಏರ್‌ಬ್ಯಾಗ್ ಕಂಪ್ಯೂಟರಿನೊಳಗೆ ಕೆಪಾಸಿಟರ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕು ಅಂತ ಒಂದೊಂದು ಕಂಪನಿಯ ಮ್ಯಾನ್ಯುಯಲ್ ಒಂದೊಂದು ಹೇಳುತ್ತದೆ, 90 ಸೆಕೆಂಡಿನಿಂದ ಹಿಡಿದು ಹತ್ತು ನಿಮಿಷ ದಾಟುವವರೆಗೆ. ನಾನು ಅರ್ಧ ಗಂಟೆ ಬಿಡುತ್ತೇನೆ. ರೇಡಿಯೋ ಸೆಟ್ಟಿಂಗ್ ಹೋಗಬಾರದು ಅಂತ ಹೊರಗಿನಿಂದ ಸಣ್ಣ ಬ್ಯಾಟರಿ ಕೊಡುವ ಉಪಾಯ ಇದೆಯಲ್ಲ, ಅದನ್ನು ಇಲ್ಲಿ ಮಾಡಬಾರದು. ಏರ್‌ಬ್ಯಾಗಿಗೂ ಅದೇ ಕರೆಂಟ್ ಹೋಗುತ್ತದೆ.

ಏರ್‌ಬ್ಯಾಗನ್ನು ಹಿಡಿದಿರುವುದು ವೀಲಿನ ಹಿಂಬದಿಯಿಂದ ಹಾಕಿದ ಎರಡೋ ಮೂರೋ ಸ್ಕ್ರೂ. ಹಲವು ಕಡೆ ಟಿ30 ಟಾರ್ಕ್ಸ್, ಅಂದರೆ ನಕ್ಷತ್ರದ ತಲೆಯ ಸ್ಕ್ರೂ. ಸಣ್ಣ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿರುತ್ತವೆ. ಕೈ ಹೋಗದಿದ್ದರೆ ವೀಲನ್ನು ಕಾಲು ಸುತ್ತು ತಿರುಗಿಸಿ ಬಿಚ್ಚಿ, ಮತ್ತೆ ನೇರಕ್ಕೆ ತನ್ನಿ. ಇನ್ನು ಕೆಲವದರಲ್ಲಿ ಸ್ಕ್ರೂ ಇಲ್ಲ, ತಂತಿಯ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಹಿಂದಿನ ತೂತಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ಆ ತಂತಿಯನ್ನು ಪಕ್ಕಕ್ಕೆ ತಳ್ಳಬೇಕು. ಭಾವನ ಕಾರಿನದು ಇದೇ ಜಾತಿ. ತಂತಿ ಎಲ್ಲಿದೆ ಅಂತ ಕಾಣುವುದಿಲ್ಲ, ಬೆರಳಿಗೆ ಸಿಗಬೇಕು. ಕೊಂಡು ತಂದ ವೀಲಿನ ಬೆನ್ನು ತಿರುಗಿಸಿ ಅಲ್ಲಿನ ತೂತು ಎಷ್ಟು ಆಳ, ಯಾವ ದಿಕ್ಕು ಅಂತ ಮೊದಲೇ ನೋಡಿಕೊಂಡಿದ್ದಕ್ಕೆ ಬೇಗ ಆಯಿತು.

ಪ್ಯಾಡ್ ಮುಂದೆ ಬಂದ ಮೇಲೆ ಹಿಂದೆ ಹಳದಿ ಪ್ಲಗ್ ಕಾಣುತ್ತದೆ. ಏರ್‌ಬ್ಯಾಗಿನ ಪ್ಲಗ್‌ಗಳು ಹೆಚ್ಚಾಗಿ ಹಳದಿಯೇ. ಮುಟ್ಟುವ ಮೊದಲು ಬಣ್ಣ ಇಲ್ಲದ ಕಾರಿನ ಲೋಹಕ್ಕೆ ಒಮ್ಮೆ ಕೈ ತಾಗಿಸಿ. ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ. ಪ್ಲಗ್ ಮಧ್ಯದಲ್ಲಿ ಒಂದು ಸಣ್ಣ ತುಂಡು ಬೇರೆಯಾಗಿ ಕೂತಿರುತ್ತದೆ, ಅದೇ ಅದರ ಬೀಗ. ತೆಳು ಸ್ಕ್ರೂಡ್ರೈವರಿನಿಂದ ಆ ತುಂಡನ್ನು ಮೊದಲು ಎಬ್ಬಿಸಿ, ಆಮೇಲೆ ಪ್ಲಗ್ ಹಿಡಿದು ನೇರ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ಹಲವು ಕಾರುಗಳ ಈ ಪ್ಲಗ್ಗಿನೊಳಗೆ ಒಂದು ಲೋಹದ ಪಟ್ಟಿ ಇದ್ದು, ಪ್ಲಗ್ ಕಳಚಿದ ತಕ್ಷಣ ಎರಡು ಪಿನ್ನುಗಳನ್ನು ತಾನೇ ಜೋಡಿಸಿಬಿಡುತ್ತದೆ, ದಾರಿ ತಪ್ಪಿದ ಕರೆಂಟಿಗೆ ಮದ್ದು ಹೊತ್ತಬಾರದು ಅಂತ. ಮಲ್ಟಿಮೀಟರ್ ಹಿಡಿದು ಈ ಪಿನ್ನುಗಳ ರೆಸಿಸ್ಟೆನ್ಸ್ ನೋಡುವ ಕುತೂಹಲ ಬೇಡ. ಮೀಟರ್ ಕೂಡ ಕರೆಂಟ್ ಕಳಿಸಿಯೇ ಅಳೆಯುವುದು.

ಬಿಚ್ಚಿದ ಏರ್‌ಬ್ಯಾಗನ್ನು ಒಯ್ಯುವಾಗ ಮುಚ್ಚಳದ ಮುಖ ನಿಮ್ಮ ಮೈಯಿಂದ ಆಚೆಗೆ ಇರಲಿ. ಇಡುವಾಗ ಮುಖ ಮೇಲೆ. ಕವುಚಿ ಇಟ್ಟಿದ್ದು ಹೊತ್ತಿದರೆ ಇಡೀ ಪೆಟ್ಟಿಗೆಯೇ ಚಾವಣಿಗೆ ಹಾರುತ್ತದೆ. ಮೇಲೆ ಏನನ್ನೂ ಇಡಬೇಡಿ, ಬಿಸಿಲು ಬೀಳದ, ಮಕ್ಕಳ ಕೈಗೆ ಸಿಗದ ಜಾಗ ನೋಡಿ.

ಗುಜರಿಯಿಂದ ತಂದ ವೀಲ್ ಜೊತೆ ಬರುವ ಏರ್‌ಬ್ಯಾಗನ್ನು ನಾನು ಬಳಸುವುದಿಲ್ಲ. ನಮ್ಮ ಕಾರಿನದನ್ನೇ ಹೊಸ ವೀಲಿಗೆ ಹಾಕುತ್ತೇನೆ. ಗುಜರಿಯ ಏರ್‌ಬ್ಯಾಗ್ ನೀರಿನಲ್ಲಿ ಮುಳುಗಿದ ಕಾರಿನದಾ, ವಾಪಸ್ ಕರೆಸಿಕೊಂಡ ಸರಣಿಯದಾ, ಯಾರು ಹೇಳಬೇಕು? ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ಕತೆ ನೆನಪಿರಬಹುದು. ಅದರಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ಶಾಖ ಮತ್ತು ತೇವಕ್ಕೆ ವರ್ಷಗಳ ಮೇಲೆ ಕೆಟ್ಟು, ಹೊತ್ತಿದಾಗ ಲೋಹದ ಡಬ್ಬಿಯೇ ಒಡೆದು ಚೂರುಗಳು ಸಿಡಿಯುತ್ತಿದ್ದವು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿದರು, 2017ರಲ್ಲಿ ಕಂಪನಿ ದಿವಾಳಿ ಎಂದು ಅರ್ಜಿ ಹಾಕಿತು. ನಿಮ್ಮ ಕಾರು ಆ ಪಟ್ಟಿಯಲ್ಲಿದೆಯಾ ಅಂತ ಚಾಸಿಸ್ ನಂಬರ್ ಕೊಟ್ಟು ಕಂಪನಿಯಲ್ಲೇ ಕೇಳಬಹುದು. ಇದ್ದರೆ ಅವರೇ ಬದಲಿಸಿಕೊಡಬೇಕು. ವೀಲಿಗೆ ಕೈ ಹಾಕುವ ಮೊದಲೇ ಇದನ್ನು ವಿಚಾರಿಸಿ.

ಮುಂದಿನ ಗುರುತು, ನಟ್ಟು, ಪುಲ್ಲರ್ ಎಲ್ಲ ಮೇಲೆ ಹೇಳಿದ ಹಾಗೆಯೇ. ವ್ಯತ್ಯಾಸ ಒಂದೇ, ವೀಲಿನ ಹಿಂದೆ ಕ್ಲಾಕ್ ಸ್ಪ್ರಿಂಗ್ ಇದೆ. ಅಳತೆ ಟೇಪಿನ ಹಾಗೆ ಸುರುಳಿ ಸುತ್ತಿದ ಚಪ್ಪಟೆ ಕೇಬಲ್ ಅದು. ವೀಲ್ ಎಷ್ಟು ಸುತ್ತು ತಿರುಗಿದರೂ ಏರ್‌ಬ್ಯಾಗಿಗೆ, ಹಾರ್ನಿಗೆ ಕರೆಂಟ್ ಹೋಗುವುದು ಇದರಿಂದಲೇ. ಎಡಕ್ಕೂ ಬಲಕ್ಕೂ ಸರಿಯಾಗಿ ಸುತ್ತು ಸಿಗುವ ಹಾಗೆ ಇದು ಮಧ್ಯದಲ್ಲಿರಬೇಕು. ವೀಲ್ ಎಳೆಯುವಾಗ ವೈರ್‌ಗಳನ್ನು ಹಬ್ಬಿನ ಕಿಂಡಿಯಿಂದ ಮೆಲ್ಲಗೆ ಹಿಂದಕ್ಕೆ ತೂರಿಸಿ. ವೀಲ್ ಹೊರಬಂದ ಕ್ಷಣವೇ ಕ್ಲಾಕ್ ಸ್ಪ್ರಿಂಗಿನ ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ಸೇರಿಸಿ ಎರಡು ಕಡೆ ಟೇಪ್ ಅಂಟಿಸಿ. ಮುಂದಿನ ಚಕ್ರಗಳನ್ನು ಯಾರೂ ತಿರುಗಿಸಬಾರದು.

ಅಕಸ್ಮಾತ್ ಕ್ಲಾಕ್ ಸ್ಪ್ರಿಂಗ್ ತಿರುಗಿಬಿಟ್ಟಿದ್ದರೆ, ತೀರಾ ಹಗುರ ಕೈಯಲ್ಲಿ ಬಲಕ್ಕೆ ಅದು ನಿಲ್ಲುವವರೆಗೆ ತಿರುಗಿಸಿ. ಅಲ್ಲಿಂದ ಎಡಕ್ಕೆ ವಾಪಸ್ ಎಣಿಸುತ್ತಾ ಬನ್ನಿ. ಹಲವು ಕಾರುಗಳಲ್ಲಿ ಎರಡೂವರೆ ಸುತ್ತಿನ ಹತ್ತಿರ ಎರಡು ಬಾಣದ ಗುರುತುಗಳು ಎದುರುಬದುರು ಬರುತ್ತವೆ. ನಿಮ್ಮ ಕಾರಿನ ಸರಿಯಾದ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದನ್ನೇ ನಂಬಿ. ಮಧ್ಯ ತಪ್ಪಿ ಕೂರಿಸಿದರೆ ಅವತ್ತು ಏನೂ ಆಗುವುದಿಲ್ಲ. ಯಾವತ್ತೋ ಒಂದು ದಿನ ಪೂರ್ತಿ ತಿರುಗಿಸಿ ಪಾರ್ಕ್ ಮಾಡುವಾಗ ಕೇಬಲ್ ಹರಿಯುತ್ತದೆ. ಹಾರ್ನ್ ಸತ್ತು, ಏರ್‌ಬ್ಯಾಗ್ ಲೈಟ್ ಹತ್ತಿಕೊಳ್ಳುತ್ತದೆ.

ಕೂರಿಸುವುದು

ಶಾಫ್ಟಿನ ಹಲ್ಲನ್ನು ಒಣ ಬಟ್ಟೆಯಲ್ಲಿ ಒರೆಸಿ. ಬಿಡಿಸಲು ಹಾಕಿದ ಎಣ್ಣೆ ಉಳಿದಿದ್ದರೆ ಪೂರ್ತಿ ತೆಗೆಯಿರಿ. ಗುರುತಿಗೆ ಗುರುತು ಸೇರಿಸಿ ವೀಲನ್ನು ಕೈಯಲ್ಲೇ ಒತ್ತಿ. ಇಂಡಿಕೇಟರಿನ ಗೂಟ, ಕ್ಲಾಕ್ ಸ್ಪ್ರಿಂಗಿನ ಗೂಟ ತಮ್ಮ ತೋಡಿಗೆ ಬಿದ್ದವಾ ಅಂತ ಸಂದಿಯಲ್ಲಿ ಇಣುಕಿ ನೋಡಿ. ನಟ್ಟನ್ನು ಬೆರಳಲ್ಲೇ ಮೊದಲ ಸುತ್ತುಗಳು ತಿರುಗಿಸಿ. ಆಮೇಲೆ ಸೀಟಿನಲ್ಲಿ ಸರಿಯಾಗಿ ಕೂತು ವೀಲ್ ನೇರ ಕಾಣುತ್ತದಾ ನೋಡಿ. ಬಗ್ಗಿ ನೋಡಿದರೆ ಗೊತ್ತಾಗುವುದಿಲ್ಲ.

ಸಣ್ಣ ಕಾರುಗಳಲ್ಲಿ ಈ ನಟ್ಟಿನ ಟಾರ್ಕ್ ಸಾಮಾನ್ಯವಾಗಿ 30ರಿಂದ 50 ನ್ಯೂಟನ್ ಮೀಟರ್, ಕೆಲವದರಲ್ಲಿ ಇನ್ನೂ ಜಾಸ್ತಿ. ನಿಮ್ಮ ಕಾರಿನದು ಎಷ್ಟು ಅಂತ ತಿಳಿದುಕೊಂಡೇ ಬಿಗಿಯಿರಿ. ಜಾಸ್ತಿ ಬಿಗಿದಷ್ಟು ಭದ್ರ ಅಂದುಕೊಂಡರೆ ಥ್ರೆಡ್ ಕೆಡುತ್ತದೆ, ಹಲ್ಲಿಗೆ ಅತಿಯಾಗಿ ಕಚ್ಚಿ ಮುಂದಿನ ಸಲ ಪುಲ್ಲರಿಗೂ ಬರುವುದಿಲ್ಲ. ಒಮ್ಮೆ ಬಳಸಿ ಬಿಸಾಕುವ ನಟ್ಟು ಅಥವಾ ಬೋಲ್ಟ್ ಅಂತ ಮ್ಯಾನ್ಯುಯಲ್ ಹೇಳಿದರೆ ಹೊಸದೇ ಹಾಕಿ. ಥ್ರೆಡ್ ಲಾಕ್ (ನಟ್ಟು ಸಡಿಲವಾಗದ ಹಾಗೆ ಹಚ್ಚುವ ಅಂಟು) ಹಾಕು ಅಂದಿದ್ದರೆ ಮಾತ್ರ ಹಾಕಿ. ಬಿಗಿದಾದ ಮೇಲೆ ನಟ್ಟಿನಿಂದ ಶಾಫ್ಟಿಗೆ ಒಂದು ಹೊಸ ಪೇಂಟ್ ಗೆರೆ ಎಳೆಯಿರಿ. ಸಡಿಲವಾದರೆ ಮುಂದೆ ಕಣ್ಣಿಗೇ ಕಾಣುತ್ತದೆ.

ಗುರುತು ಸರಿಯಿದ್ದೂ ವೀಲ್ ಸ್ವಲ್ಪ ಸೊಟ್ಟ ಕಾಣುತ್ತಿದ್ದರೆ, ಅರ್ಥ ಇಷ್ಟೇ: ಮೊದಲೂ ಸೊಟ್ಟವೇ ಇತ್ತು, ಸವೆದ ವೀಲಿನಲ್ಲಿ ನೀವು ಗಮನಿಸಿರಲಿಲ್ಲ. ಆಗ ಒಂದು ಹಲ್ಲು ಆಚೆ ಹಾಕೋಣ ಅನಿಸುತ್ತದೆ. ಅದು ತಪ್ಪು ದಾರಿ. ವೀಲಿನ ನೇರ, ಮುಂದಿನ ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ‍್ಯಾಕಿನ ಮಧ್ಯ, ಕ್ಲಾಕ್ ಸ್ಪ್ರಿಂಗಿನ ಮಧ್ಯ, ಇಂಡಿಕೇಟರ್ ಆಫ್ ಆಗುವ ಜಾಗ, ಈ ನಾಲ್ಕೂ ಒಂದೇ ಸಾಲಿನಲ್ಲಿರಬೇಕು. ಹಲ್ಲು ಬದಲಿಸಿದರೆ ಕಣ್ಣಿಗೆ ಮಾತ್ರ ನೇರ, ಒಳಗೆ ಸೊಟ್ಟ. ಒಂದು ಕಡೆಗೆ ಇಂಡಿಕೇಟರ್ ಬೇಗ ಆಫ್ ಆಗುತ್ತದೆ, ಇನ್ನೊಂದು ಕಡೆಗೆ ಆಗುವುದೇ ಇಲ್ಲ. ಸರಿಯಾದ ದಾರಿ ವೀಲ್ ಅಲೈನ್‌ಮೆಂಟ್. ವೀಲನ್ನು ನೇರಕ್ಕೆ ಹಿಡಿದಿಟ್ಟು, ಕೆಳಗೆ ಎರಡೂ ಕಡೆ ಚಕ್ರಕ್ಕೆ ಹೋಗುವ ಟೈ ರಾಡ್ ಅನ್ನುವ ಕೋಲುಗಳನ್ನು ಹೊಂದಿಸುತ್ತಾರೆ. ಯಾರಾದರೂ ಮೊದಲೇ ಹಲ್ಲು ತಪ್ಪಿಸಿ ಕೂರಿಸಿದ್ದಾರೆ ಅನ್ನುವ ಅನುಮಾನ ಇದ್ದರೆ, ಹಳೆಯ ವೀಲ್ ಇರುವಾಗಲೇ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಸುತ್ತು ಎಣಿಸಿ. ಅರ್ಧಕ್ಕೆ ನಿಲ್ಲಿಸಿದಾಗ ಕಡ್ಡಿಗಳು ನೇರ ಇರಬೇಕು.

ಹಾರ್ನ್ ವೈರ್, ಹಳದಿ ಪ್ಲಗ್, ಅದರ ಬೀಗ, ಪ್ಯಾಡ್, ಸ್ಕ್ರೂ, ಇದೇ ಕ್ರಮದಲ್ಲಿ ಹಾಕಿ. ಬೀಗದ ತುಂಡು ಪೂರ್ತಿ ಒಳಗೆ ಕೂರಲಿ. ಕ್ಲಿಪ್ ಜಾತಿಯದಾದರೆ ಪ್ರತಿ ಕ್ಲಿಪ್ಪಿಗೂ ಒಂದೊಂದು ಟಕ್ ಕೇಳಬೇಕು.

ಬ್ಯಾಟರಿ ಜೋಡಿಸಿದ ಮೇಲೆ

ಏರ್‌ಬ್ಯಾಗ್ ಕಾರಿನಲ್ಲಿ ಬ್ಯಾಟರಿ ಜೋಡಿಸುವಾಗ ಒಳಗೆ ಯಾರೂ ಕೂರಬಾರದು. ಜೋಡಿಸಿ, ಬಾಗಿಲ ಹೊರಗೆ ನಿಂತು, ಪಕ್ಕದಿಂದ ಕೈ ಹಾಕಿ ಕೀ ಆನ್ ಮಾಡಿ. ವೀಲಿನ ಎದುರು ಮುಖ ಬರಬಾರದು. ಏರ್‌ಬ್ಯಾಗ್ ಲೈಟ್ ಹತ್ತಿ ಐದಾರು ಸೆಕೆಂಡಿಗೆ ಆರಿದರೆ ಸರಿ. ಆರದಿದ್ದರೆ ಕೀ ಆಫ್, ಬ್ಯಾಟರಿ ಆಫ್, ಮತ್ತೆ ಅಷ್ಟೇ ಹೊತ್ತು ಕಾದು ಹಳದಿ ಪ್ಲಗ್ ನೋಡಿ. ಪ್ಲಗ್ ಸರಿಯಿದ್ದೂ ಲೈಟ್ ಹಾಗೇ ಇದ್ದರೆ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ದೋಷ ಓದುವ ಸಾಧನ) ಹಾಕಿ ನೋಡುವವರ ಹತ್ತಿರ ಒಯ್ಯಿರಿ. ಲೈಟಿನ ಬಲ್ಬ್ ಕಿತ್ತುಹಾಕುವ ಬುದ್ಧಿವಂತಿಕೆಯನ್ನೂ ಕೇಳಿದ್ದೇನೆ. ಅದಕ್ಕೆ ಏನು ಹೇಳುವುದು!

ಕಾರಿನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರದ ಹಾಗೆ ಹಿಡಿತದಲ್ಲಿಡುವ ವ್ಯವಸ್ಥೆ) ಇದ್ದರೆ ಅದರ ಲೈಟ್ ಕೂಡ ಹತ್ತಬಹುದು. ಕೆಲವು ಕಾರುಗಳಲ್ಲಿ ವೀಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ಸ್ವಲ್ಪ ನೇರ ಓಡಿಸಿದರೆ ಹೋಗುತ್ತದೆ, ಕೆಲವಕ್ಕೆ ಸ್ಕ್ಯಾನರ್ ಬೇಕು.

ಆಮೇಲೆ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ. ಎರಡೂ ಕಡೆ ಪೂರ್ತಿ ತಿರುಗಿಸಿ, ಕಾಲಮ್ಮಿನ ಕವರಿಗೆ ವೀಲ್ ಉಜ್ಜುವ ಸದ್ದು ಬರುತ್ತದಾ ಕೇಳಿ. ವೀಲ್ ನೇರ ಇದ್ದಾಗ, ಕಾಲು ಸುತ್ತಿನಲ್ಲಿ, ಅರ್ಧ ಸುತ್ತಿನಲ್ಲಿ, ಹೀಗೆ ಬೇರೆ ಬೇರೆ ಕಡೆ ಹಾರ್ನ್ ಒತ್ತಿ. ಎಡ ಇಂಡಿಕೇಟರ್ ಹಾಕಿ ತಿರುಗಿ, ಬಲ ಹಾಕಿ ತಿರುಗಿ, ಎರಡೂ ತಾವಾಗಿಯೇ ಆಫ್ ಆಗಬೇಕು. ವೀಲನ್ನು ನಿಮ್ಮ ಕಡೆಗೆ ಗಟ್ಟಿಯಾಗಿ ಎಳೆದು ನೋಡಿ. ಕೂದಲೆಳೆಯಷ್ಟೂ ಅಲ್ಲಾಡಬಾರದು. ಏರ್‌ಬ್ಯಾಗ್ ಇಲ್ಲದ ಕಾರಾದರೆ ಕೆಲವು ದಿನ ಓಡಿಸಿದ ಮೇಲೆ ಪ್ಯಾಡ್ ತೆಗೆದು ಪೇಂಟ್ ಗೆರೆ ಕೂಡಿಕೊಂಡೇ ಇದೆಯಾ ಅಂತ ನೋಡುವುದು ಒಳ್ಳೆಯದು.

ಹಳೆಯ ವೀಲಿನಿಂದ ಹಾರ್ನ್ ಸ್ಪ್ರಿಂಗ್, ಸ್ಕ್ರೂ, ಮುಚ್ಚಳಗಳನ್ನು ಬಿಚ್ಚಿ ಒಂದು ಡಬ್ಬಿಗೆ ಹಾಕಿಡಿ, ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದು ಕಷ್ಟ. ಕೊಂಡ ವೀಲ್ ಜೊತೆ ಬಂದ ಏರ್‌ಬ್ಯಾಗ್ ಉಳಿದಿದ್ದರೆ ಅದನ್ನು ಕಸಕ್ಕೆ ಹಾಕಬಾರದು, ಗುಜರಿಗೂ ಕೊಡಬಾರದು. ಅದರೊಳಗಿನ ಮದ್ದು ಇನ್ನೂ ಹಾಗೇ ಇದೆ. ಆ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ತೆಗೆದುಕೊಳ್ಳುತ್ತಾರಾ ಕೇಳಿ, ಒಯ್ಯುವಾಗ ಕಾರಿನ ಹಿಂದಿನ ಡಿಕ್ಕಿಯಲ್ಲಿ ಮುಖ ಮೇಲೆ ಮಾಡಿ, ಜಾರದ ಹಾಗೆ ಕಟ್ಟಿ ಇಡಿ.